ಮಶೀನು ವರ್ಷಕ್ಕೆ ಎಷ್ಟು ದುಡಿಯಬೇಕಿತ್ತು?

ಪೀರನವಾಡಿಯ ಸುಮನ್ ಹನ್ನೊಂದು ವರ್ಷ ಬಟ್ಟೆ ಹೊಲಿದು ಕೂಡಿಟ್ಟದ್ದು ಎರಡು ಲಕ್ಷ ಹತ್ತು ಸಾವಿರ. ಸೊಸೈಟಿಯ ಠೇವಣಿಯಲ್ಲಿ ಅದು ವರ್ಷಕ್ಕೆ ನೂರಕ್ಕೆ ಹತ್ತರಂತೆ ಬೆಳೆಯುತ್ತಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ಮಗಳು ರಸಿಕಾಳ ನರ್ಸಿಂಗ್ ಫೀಸಿಗೆ ಸರಿಹೋಗುತ್ತಿತ್ತು. ಅದನ್ನೇ ಮುರಿಸಿ ಗಂಡ ಅವಧೂತ ಕಸೂತಿ ಮಶೀನು ತಂದ.

ಅದಕ್ಕೆ ಕಸೂತಿ ಕೆಲಸ ಕೊಡುವ ಖಾನಾಪುರದ ವ್ಯಾಪಾರಿಯ ಕರಾರು ಎರಡೇ ವರ್ಷದ್ದು, ಆಮೇಲೆ ಮಶೀನು ಗುಜರಿಗೆ. ನೂಲು, ಕರೆಂಟು ಕಳೆದು ಕೈಗೆ ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ. ಅದೂ ತಿಂಗಳು ತಿಂಗಳು ಅಲ್ಲ, ಮುಂದಿನ ವರ್ಷದಿಂದ ಗಣಪತಿ ಹಬ್ಬಕ್ಕೊಮ್ಮೆ ಒಂದೇ ಗಂಟು. ಕೈಗೆ ಬಂದದ್ದು ಕರಗಬಾರದೆಂದು ಹಾಗೆ ಕೇಳಿಕೊಂಡದ್ದು ಸುಮನ್.

ಪಕ್ಕದ ಮನೆಯ ರುಕ್ಸಾರ ಅದೇ ಸೊಸೈಟಿಯಲ್ಲಿ ಕ್ಲಾರ್ಕು. ರಜೆ ಮುಗಿಸಿ ಬಂದವಳಿಗೆ ಠೇವಣಿ ಮುರಿದ ಸುದ್ದಿ ಸಿಕ್ಕಿತು. ಸಂಜೆಯೇ ಓಡಿ ಬಂದಳು.

“ಲೆಕ್ಕ ಸೀದಾ ಐತಿ,” ಎಂದ ಅವಧೂತ. “ಹಾಕಿದ್ದು ಎರಡು ಲಕ್ಷ ಹತ್ತು, ಬರೋದು ಎರಡು ಲಕ್ಷ ಇಪ್ಪತ್ತು. ಹತ್ತು ಸಾವಿರ ಲಾಭ.”

“ಅಣ್ಣಾ, ಮುಂದಿನ ವರ್ಷ ಬರೋ ರೂಪಾಯಿಗೆ ಇವತ್ತಿನ ಬೆಲಿ ತೊಂಬತ್ತೊಂದು ಪೈಸಾರೀ, ಅಷ್ಟು ಇವತ್ತು ಠೇವಣಿ ಇಟ್ರ ವರ್ಷಕ್ಕ ರೂಪಾಯಿ ಆಗ್ತದ. ಅದರ ಮುಂದಿನ ವರ್ಷದ್ದಕ್ಕ ಎಂಬತ್ಮೂರು. ವರ್ಷಕ್ಕ ಒಂದೊಂದು ರೂಪಾಯಿ ಬಂದ್ರ, ಎರಡೂ ಕೂಡಿ ಇವತ್ತಿನ ಬೆಲಿ ಒಂದು ರೂಪಾಯಿ ಎಪ್ಪತ್ನಾಲ್ಕು ಪೈಸಾ.”

“ಹಂಗಾರ ವರ್ಷಕ್ಕ ಎಷ್ಟು ಬರಬೇಕಿತ್ತು?” ಸುಮನ್ ಕೇಳಿದಳು.

“ಅದನ್ನ ಮೊದಲ ಕೇಳಬೇಕಿತ್ತಕ್ಕಾ. ಹಾಕಿದ ರೊಕ್ಕಾನ ಆ ಒಂದು ಎಪ್ಪತ್ನಾಲ್ಕರಿಂದ ಭಾಗಿಸಿದ್ರ ಒಂದು ಲಕ್ಷ ಇಪ್ಪತ್ತೊಂದು ಸಾವಿರದ ಹತ್ರ ಬರ್ತದ. ಅಷ್ಟು ಬಂದ್ರ ಲಾಭನೂ ಇಲ್ಲ, ಲುಕ್ಸಾನೂ ಇಲ್ಲ.”

ಅವಧೂತ ಅಡ್ಡಡ್ಡ ತಲೆಯಾಡಿಸಿದ. “ಇವೆಲ್ಲ ಪುಸ್ತಕದ ಮಾತು.”

“ಹಂಗಾರ ಹಿಂಗ ನೋಡ್ರಿ. ಠೇವಣಿ ಮುರೀದಿದ್ರ ಎರಡು ವರ್ಷಕ್ಕ ಎರಡು ಲಕ್ಷ ಐವತ್ನಾಲ್ಕು ಸಾವಿರದ ನೂರು ಆಗ್ತಿತ್ತು. ಈಗ ಮೊದಲನೇ ಗಂಟು ತಂದು ಮತ್ತ ಠೇವಣಿ ಇಟ್ರೂ, ಎರಡನೇದು ಕೂಡಿ ಎರಡು ಲಕ್ಷ ಮೂವತ್ತೊಂದು ಸಾವಿರ. ಇಪ್ಪತ್ಮೂರು ಸಾವಿರದ ನೂರು ಕಡಿಮಿ. ಅಕ್ಕನ ದುಡಿಮಿಗೆ ಕೂಲಿ ಹಿಡದಿಲ್ಲ, ಅದು ಬ್ಯಾರೆ.”

ಅವಧೂತ ಮೊಬೈಲಿನಲ್ಲಿ ಎರಡು ಸಲ ಲೆಕ್ಕ ಮಾಡಿದ. “ಖರೇ ಐತಿ,” ಎಂದ. “ಆದ್ರ ಸಹಿ ಆಗೇತಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. ಸುಮನ್‌ಗೆ ಅಳುವೂ ಬರಲಿಲ್ಲ. ಇನ್ನೆರಡು ವರ್ಷ ಪುಕ್ಕಟೆ ದುಡಿಯಬೇಕು, ದುಡಿದದ್ದಕ್ಕೆ ತಾನೇ ದಂಡವನ್ನೂ ತೆರಬೇಕು.

ಎಲ್ಲ ಕೇಳಿಸಿಕೊಂಡ ರಸಿಕಾ ಬಂದು ಮಶೀನಿನ ಮುಂದೆ ಕುಳಿತಳು. “ಅವ್ವಾ, ನಂಗೂ ಕಲಿಸು. ನಾ ಇನ್ನ ಕಾಲೇಜಿಗೆ ಹೋಗೂದಿಲ್ಲ.”

ಬೇಡ ಎನ್ನಬೇಕೆಂದು ಸುಮನ್ ಬಾಯಿ ತೆರೆದಳು. ಆಮೇಲೆ ಸೂಜಿಗೆ ನೂಲು ಪೋಣಿಸಿ ತೋರಿಸಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಬರುವ ರೊಕ್ಕವನ್ನು ಇವತ್ತಿನ ರೊಕ್ಕದೊಂದಿಗೆ ಹಾಗೇ ತೂಗಬೇಡಿ. ವರ್ಷಕ್ಕೆ ಎಷ್ಟು ಬಂದರೆ ನಮ್ಮ ಗಂಟು ಉಳಿಯುತ್ತದೆ ಎಂದು ಲೆಕ್ಕ ಬಲ್ಲವರನ್ನು ಕೇಳಿ. ಸಹಿಗೆ ಮೊದಲು ಕೇಳಿ. ಸುಮನ್ ಸಹಿಯ ನಂತರ ಕೇಳಿದಳು.