ಇಪ್ಪತ್ತನಾಲ್ಕು ಕುದುರೆ ಸವಾರರು

ಡೊರೀನ್ ಶಟಲ್‌ವರ್ತ್‌ಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಹ್ಯಾಲಿಫ್ಯಾಕ್ಸಿನ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳ ಪಕ್ಕದ ಮಷೀನಿನಲ್ಲಿ ಕೂತವರಿಗೆಲ್ಲ ಅದು ಗೊತ್ತಿತ್ತು. ಅಲ್ಲಿ ಅವಳು ಹೊಲಿಯುತ್ತಿದ್ದದ್ದು ಸೈನ್ಯದ ಬ್ಯಾಂಡಿನವರ ಕೋಟುಗಳನ್ನು. ಇಷ್ಟು ಗುಂಡಿ ಯಾಕೆ, ಈ ಕೆಂಪು ಪಟ್ಟಿ ಯಾವ ಕಾಲದ್ದು ಎಂದು ಮೇಲ್ವಿಚಾರಕನನ್ನು ಕೇಳಿ ಕೇಳಿ ಉತ್ತರ ಸಿಗದೆ, ಒಂದು ದಿನ ಹಳೆಯ ಪುಸ್ತಕದಂಗಡಿಗೆ ಹೋಗಿ ಸಮವಸ್ತ್ರಗಳ ಬಣ್ಣದ ಚಿತ್ರಗಳಿದ್ದ ಪುಸ್ತಕವೊಂದನ್ನು ತಂದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಎಪ್ಪತ್ತೊಂದನೆಯ ವಯಸ್ಸಿಗೆ ಅವಳ ಮನೆಯ ಮೆಟ್ಟಿಲುಗಳ ಮೇಲೂ ಯುದ್ಧದ ಪುಸ್ತಕಗಳೇ.

ಯುದ್ಧ ಅವಳಿಗೆ ಬೇಕಿರಲಿಲ್ಲ. ಚಿತ್ರದ ಮೇಲಿನ ತೆಳುಕಾಗದವನ್ನು ಉಗುರ ತುದಿಯಿಂದ ಎತ್ತಿದಾಗ, ನೂರು ವರ್ಷ ಬೆಳಕು ಕಾಣದ ನೀಲಿಯೊಂದು ಹಸಿಯಾಗಿಯೇ ಎದ್ದು ಬರುತ್ತದಲ್ಲ, ಅದು ಬೇಕಿತ್ತು. ಆ ಸುಖ ಅರ್ಥವಾಗುತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ: ಎರಡು ಬೀದಿ ಆಚೆಯ ನಿವೃತ್ತ ಪೋಸ್ಟ್‌ಮ್ಯಾನ್ ರೋಲಂಡ್ ಗ್ರೀನ್‌ವುಡ್. ಭಾನುವಾರ ಮಧ್ಯಾಹ್ನ ಕೈ ತೊಳೆದುಕೊಂಡು, ಚಹಾವನ್ನು ದೂರದ ಸ್ಟೂಲಿನ ಮೇಲಿಟ್ಟು, ಇಬ್ಬರೂ ಒಂದೊಂದೇ ಪುಟ ತಿರುವುತ್ತ ಜಗಳವಾಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಆ ಜಗಳ ನಿಜವಾಗಿಬಿಟ್ಟಿತು. ಡೊರೀನ್ ಬಳಿಯಿದ್ದ ಅತ್ಯಂತ ಚೆಂದದ ಪುಸ್ತಕವೆಂದರೆ ಉತ್ತರ ಇಂಗ್ಲೆಂಡಿನ ಕುದುರೆ ದಳಗಳದ್ದು. ಕೈಯಿಂದ ಬಣ್ಣ ತುಂಬಿದ ಇಪ್ಪತ್ತನಾಲ್ಕು ಚಿತ್ರ, ಚಿತ್ರಕ್ಕೊಬ್ಬ ಸವಾರ. ರೋಲಂಡ್ ಅದನ್ನು ಓದಲು ಒಯ್ದವನು ಎದುರು ಪುಟಗಳಲ್ಲೆಲ್ಲ ಪೆನ್ಸಿಲಿನಿಂದ ತಿದ್ದುಪಡಿ ಬರೆದಿದ್ದ. ತೋಳಿನ ಪಟ್ಟಿ ಹಳದಿಯಲ್ಲ, ಕೆನೆಬಣ್ಣ, ಕುದುರೆಯ ಜೀನಿನ ಮೇಲಿನ ಬಟ್ಟೆ ಹತ್ತು ವರ್ಷ ಆಮೇಲಿನದು, ಹೀಗೆ. ಚಿತ್ರಗಳ ಅಂಚಿನಲ್ಲಿ ಸಣ್ಣ ಬಾಣದ ಗುರುತು ಬೇರೆ.

“ಇಟ್ಕೋ. ನಂಗಿನ್ನು ಆ ಪುಸ್ತಕ ಬೇಡ,” ಎಂದಿದ್ದಳು ಡೊರೀನ್, ತೀರ ಸಣ್ಣ ದನಿಯಲ್ಲಿ. ಅವನು ಎರಡು ಸಲ ವಾಪಸು ತಂದರೂ ಮುಟ್ಟಲಿಲ್ಲ. ಭಾನುವಾರಗಳು ಮುಂದುವರಿದವು, ಆ ಪುಸ್ತಕದ ಮಾತು ಮಾತ್ರ ಬರಲಿಲ್ಲ. ಅವನು ಬರೆದದ್ದೆಲ್ಲ ಸರಿ ಎಂಬುದು ಕೋಟು ಹೊಲಿದ ಅವಳ ಕೈಗಳಿಗೆ ಗೊತ್ತಿತ್ತು. ಅದನ್ನೂ ಅವಳು ಹೇಳಲಿಲ್ಲ. ಈ ಮಾರ್ಚಿನಲ್ಲಿ ರೋಲಂಡ್ ತೀರಿಕೊಂಡ.

ಅಕ್ಟೋಬರಿನಲ್ಲಿ ಚರ್ಚಿನ ಸಭಾಂಗಣದಲ್ಲಿ ಸೇನಾ ಪುಸ್ತಕಗಳ ವಾರ್ಷಿಕ ಸಂತೆ. ಡೊರೀನ್ ಬಾಗಿಲು ತೆರೆಯುವ ಹೊತ್ತಿಗೇ ಹೋದಳು. ಮೂರನೆಯ ಮೇಜಿನ ಮೇಲೆ ಕಪ್ಪು ಚೌಕಟ್ಟುಗಳಲ್ಲಿ ಕುದುರೆ ಸವಾರರು ಸಾಲಾಗಿ ನಿಂತಿದ್ದರು. ಒಂದನ್ನು ಎತ್ತಿ ಕನ್ನಡಕ ಹಾಕಿಕೊಂಡು ನೋಡಿದಳು. ಸುತ್ತಲಿನ ರಟ್ಟಿನ ಅಂಚಿನಿಂದ ಪೆನ್ಸಿಲಿನ ಬಾಣದ ತುದಿ ಇಣುಕುತ್ತಿತ್ತು.

ರೋಲಂಡ್ ಹಾಕಿದ ಗುರುತೇ ಅದು.

ಮೇಜಿನ ಹಿಂದಿದ್ದವನ ಹೆಸರು ನೈಜೆಲ್ ಕ್ರೆಸ್‌ವೆಲ್, ನಗುಮುಖದ ವ್ಯಾಪಾರಿ. ಮನೆಯ ಹಜಾರದಲ್ಲಿ ತೂಗುಹಾಕಿದರೆ ಬಹಳ ಒಪ್ಪುತ್ತದೆ ಎಂದ.

“ಇವನ್ನ ಕೊಯ್ದಾದ್ಮೇಲೆ ಉಳಿದಿದ್ದು ಎಲ್ಲಿ?” ಎಂದಳು ಡೊರೀನ್.

ಅವನು ನಾಚಲೂ ಇಲ್ಲ. “ನೋಡೀಮ್ಮಾ, ಇಡೀ ಪುಸ್ತಕ ಈಗ ಯಾರಿಗೂ ಬೇಡ. ಕಪಾಟಲ್ಲಿ ಮುಚ್ಚಿಟ್ರೆ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ಇವಕ್ಕೆ ನಾನು ಬಿಡುಗಡೆ ಕೊಟ್ಟಿದೀನಿ ಅಂದ್ಕೊಳಿ.”

“ಉಳಿದಿದ್ದು ಎಲ್ಲಿ ಅಂದೆ.”

ಅವಳ ಬಾಯಿ ಮುಚ್ಚಿಸಲೆಂದು ಅವನು ಮೇಜಿನ ಕೆಳಗಿನ ಡಬ್ಬಿಯಿಂದ ಅದನ್ನೆತ್ತಿ ಕೊಟ್ಟ. ರಟ್ಟು ಜೋತುಬಿದ್ದಿತ್ತು. ಚಿತ್ರಗಳಿದ್ದ ಕಡೆಯಲ್ಲೆಲ್ಲ ಬ್ಲೇಡಿನಿಂದ ಕೊಯ್ದ ಬೆರಳಗಲದ ತುಂಡುಗಳು. ಮೊದಲ ಪುಟದಲ್ಲಿ ಅವಳದೇ ಹೆಸರು, ಅವಳದೇ ಕೈಬರಹ, 1983.

ಅಷ್ಟರಲ್ಲಿ ಸಂತೆ ನಡೆಸುತ್ತಿದ್ದ ಟ್ರೆವರ್ ಅಲ್ಲಿಗೆ ಬಂದ. ಹೆಸರು ನೋಡಿ ಅವನ ಮುಖ ಬಿಗಿಯಾಯಿತು. ಇದು ನಿಮ್ಮ ಪುಸ್ತಕವೇ, ನಿಮ್ಮಿಂದ ಕಳುವಾದದ್ದೇ ಎಂದು ಕೇಳಿದ. ಹೌದು ಎಂದುಬಿಟ್ಟರೆ ಇಪ್ಪತ್ತನಾಲ್ಕೂ ಅವಳ ಚೀಲಕ್ಕೆ ಬರುತ್ತಿದ್ದವು. ನೈಜೆಲ್ ಮೊದಲ ಸಲ ಹೆದರಿದ. ಸತ್ತವರ ಮಗಳಿಂದಲೇ ಕೊಂಡೆ, ರಸೀದಿಯಿದೆ ಎಂದು ತೊದಲಿದ.

ಡೊರೀನ್ ಆ ಹೆಸರನ್ನೇ ನೋಡುತ್ತ ನಿಂತಳು.

“ಕಳುವಾಗಿದ್ದಲ್ಲ. ನಾನೇ ಬೇಡ ಅಂದಿದ್ದು,” ಎಂದಳು.

ಹಾಗಾದರೆ ತಾನೇನೂ ಮಾಡುವಂತಿಲ್ಲ ಎಂದು ಟ್ರೆವರ್ ಕೈಚೆಲ್ಲಿದ. ನೈಜೆಲ್‌ಗೆ ಹೋದ ಜೀವ ಬಂತು. ಆದರೆ ಡೊರೀನ್ ಅಲ್ಲಿಂದ ಕದಲಲಿಲ್ಲ. ಗೋಡೆ ಬದಿಯ ಕುರ್ಚಿಯೊಂದನ್ನು ಎಳೆದುತಂದು ಮೇಜಿನ ಪಕ್ಕದಲ್ಲೇ ಹಾಕಿ, ಆ ಹರಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಟಿಕೆಟ್ಟು ಕೊಂಡಿದ್ದಳು; ಎಬ್ಬಿಸುವ ಹಕ್ಕು ಯಾರಿಗೂ ಇರಲಿಲ್ಲ.

ಯಾರಾದರೂ ಚೌಕಟ್ಟು ಎತ್ತಿಕೊಂಡರೆ ಸಾಕು, ಇಳಿದ ದನಿಯಲ್ಲಿ ಶುರುಮಾಡುತ್ತಿದ್ದಳು. ಇದನ್ನು ಬ್ಲೇಡಿನಲ್ಲಿ ಕೊಯ್ದದ್ದು, ಇಗೋ ಗಾಯ ಎಂದು ಪುಟ ತೆರೆದು ತೋರಿಸುವಳು. ಆಮೇಲೆ ರೋಲಂಡ್ ಬರೆದದ್ದನ್ನು ಓದುವಳು: ಈ ಸವಾರನ ತೋಳಪಟ್ಟಿ ತಪ್ಪು, ಈ ಕತ್ತಿಯ ಹಿಡಿ ತಪ್ಪು. ಬಂದವರೆಲ್ಲ ಸಮವಸ್ತ್ರದ ಹುಚ್ಚಿದ್ದವರೇ. ಕೆಲವರು ಚೌಕಟ್ಟು ಕೆಳಗಿಟ್ಟು ಅವಳ ತೊಡೆಯ ಮೇಲಿನ ಪುಸ್ತಕಕ್ಕೇ ಬಾಗಿದರು. ಯಾರು ಬರೆದದ್ದು ಎಂದು ಕೇಳಿದವರಿಗೆ, “ರೋಲಂಡ್ ಗ್ರೀನ್‌ವುಡ್. ಪೋಸ್ಟ್‌ಮ್ಯಾನು. ಒಂದೂ ತಪ್ಪಿಲ್ಲ ನೋಡಿ,” ಎಂದಳು. ಅವನು ಬದುಕಿದ್ದಾಗ ಹೇಳದ ಮಾತನ್ನು ಅಪರಿಚಿತರಿಗೆ ಹತ್ತಾರು ಸಲ ಹೇಳುತ್ತಿದ್ದೇನೆ ಎಂಬುದು ಹೊಳೆದಾಗ ಸಿಟ್ಟು ನೈಜೆಲ್‌ನನ್ನು ಬಿಟ್ಟು ತನ್ನ ಕಡೆಗೇ ತಿರುಗಿತು. ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆದರೂ ಐದು ಮಾರಾಟವಾದವು. ಫಿಲಿಪ್ ಎಂಬವನೊಬ್ಬ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ತನ್ನ ಹೆಂಡತಿಗೆ ಕೆಂಪು ಬಣ್ಣ ಇಷ್ಟ ಎಂದು ಹೇಳಿ ಒಂಬತ್ತನೆಯ ಸವಾರನನ್ನು ಒಯ್ದ.

ಎರಡು ಗಂಟೆಯ ಹೊತ್ತಿಗೆ ನೈಜೆಲ್‌ನ ನಗು ಪೂರ್ತಿ ಬತ್ತಿತ್ತು.

“ಏನು ಬೇಕು ನಿಮಗೆ?” ಎಂದ.

“ಕೊಯ್ದಿದ್ದು ವಾಪಸ್ ಕೂಡಬೇಕು. ಆಗುತ್ತಾ ನಿಮ್ಮ ಕೈಲಿ?”

ಅವನು ಉಳಿದ ಹತ್ತೊಂಬತ್ತನ್ನೂ ಡಬ್ಬಿಗೆ ತುಂಬಿ ಅವಳ ಕಾಲ ಬಳಿ ಇಟ್ಟ. ಹರಿದ ಪುಸ್ತಕವೂ ಸೇರಿ ತಾನು ಕೊಂಡ ಬೆಲೆಗೇ ಕೊಡುತ್ತೇನೆ, ಎದ್ದು ಹೋದರೆ ಸಾಕು ಎಂದ. ಅವಳು ಚೌಕಾಸಿ ಮಾಡದೆ ದುಡ್ಡು ಕೊಟ್ಟು ಎದ್ದಳು.

ಮನೆಗೆ ಬಂದವಳೇ ಕೋಟನ್ನೂ ಬಿಚ್ಚದೆ ರೋಲಂಡನ ಮಗಳು ಜಾನಿಸ್‌ಗೆ ಫೋನ್ ಮಾಡಿದಳು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡು ಜಾನಿಸ್ ಮೆಲ್ಲಗೆ, “ಅಪ್ಪನ ಪುಸ್ತಕ ನಿಮಗೇನಾದ್ರೂ ಬೇಕಾ ಅಂತ ಶವಸಂಸ್ಕಾರದ ದಿನ ಕೇಳಿದ್ದೆ ಆಂಟಿ. ಏನೂ ಬೇಡ ಅಂದಿದ್ದು ನೀವೇ,” ಎಂದಳು. ಡೊರೀನ್‌ಗೆ ಅದು ನೆನಪೇ ಇರಲಿಲ್ಲ. ಅಂದಿರಲೇಬೇಕು, ತನ್ನ ನಾಲಿಗೆಯ ಗುಣ ಅವಳಿಗೆ ಗೊತ್ತು. ತಪ್ಪಾಯಿತು ಎಂದು ಹೇಳಿ ಫೋನ್ ಇಟ್ಟಳು.

ಪುಸ್ತಕ ಕಟ್ಟುವವನೊಬ್ಬ ಹತ್ತೊಂಬತ್ತನ್ನೂ ತೆಳುಕಾಗದದ ಪಟ್ಟಿ ಅಂಟಿಸಿ ಜಾಗಕ್ಕೆ ಕೂರಿಸಿದ. ಮಾರಾಟವಾದ ಐದಕ್ಕಾಗಿ ಸಂಗ್ರಾಹಕರ ಪತ್ರಿಕೆಯಲ್ಲಿ ಡೊರೀನ್ ಪ್ರಕಟಣೆ ಹಾಕಿದಳು. ಎರಡು ಅಂಚೆಯಲ್ಲಿ ಬಂದವು, ಒಂದರ ಜೊತೆ ಕ್ಷಮೆಯ ಚೀಟಿ. ಎರಡರ ಸುಳಿವಿಲ್ಲ. ಫಿಲಿಪ್ ಮಾತ್ರ, ಕೊಡಲು ಮನಸ್ಸಿಲ್ಲ, ಬೇಕಾದರೆ ಬಂದು ನೋಡಿಕೊಂಡು ಹೋಗಿ ಎಂದು ಬರೆದ.

ಒಂದು ಶನಿವಾರ ಬಸ್ಸು ಹತ್ತಿ ಹೋದಳು. ಒಂಬತ್ತನೆಯ ಸವಾರ ಕಿಟಕಿಯ ಎದುರು ಗೋಡೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ನಿಂತಿದ್ದ. ಕೆಲವೇ ತಿಂಗಳಲ್ಲಿ ಕೆಂಪು ಮಂಕಾಗತೊಡಗಿತ್ತು.

“ಬಿಸಿಲಿಂದ ತೆಗೀರಿ. ಈಗಲೇ,” ಎಂದಳು. ದನಿ ಎಷ್ಟು ಕುಗ್ಗಿತ್ತೆಂದರೆ ಫಿಲಿಪ್ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಅವನು ಕುರ್ಚಿ ಹತ್ತಿ ಚಿತ್ರವನ್ನಿಳಿಸಿ, ಒಳಗಿನ ಕತ್ತಲ ಗೋಡೆಗೆ ಮೊಳೆ ಹೊಡೆದು ತೂಗುಹಾಕುವವರೆಗೆ ಅವಳು ನಿಂತೇ ಇದ್ದಳು. ಅವನ ಹೆಂಡತಿ ಚಹಾ ತಂದಳು. ಡೊರೀನ್ ಅದನ್ನು ಮುಟ್ಟದೆ ಕೋಟಿನ ಗುಂಡಿ ಹಾಕಿಕೊಂಡು ಬಸ್ ನಿಲ್ದಾಣದತ್ತ ನಡೆದಳು.