ಕೊನೆಯ ಸ್ಟಾಪಿಗೆ ಮೊದಲು

ಟ್ರಾಮಿನಲ್ಲಿ ಎಲ್ಲಿಂದ ಬರುತ್ತಿದ್ದರೂ ರೀಡೆಲ್ ಕೊನೆಯ ಸ್ಟಾಪಿನವರೆಗೆ ಕೂರುತ್ತಿರಲಿಲ್ಲ. ಒಂದು ಸ್ಟಾಪ್ ಮೊದಲೇ ಇಳಿದು ನಡೆಯುತ್ತಿದ್ದರು. ಡ್ರೆಸ್ಡೆನ್, 1971ರ ಚಳಿಗಾಲ. ಮೂಗು ಉದುರಿ ಬೀಳುವಂಥ ಚಳಿ. ನಾನು ಮೈಸೂರಿನಿಂದ ಅಲ್ಲಿಗೆ ರಿಸರ್ಚಿಗೆಂದು ಹೋಗಿದ್ದೆ, ಅವರ ಮನೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಮನೆ ಇದ್ದದ್ದು ಕೊನೆಯ ಸ್ಟಾಪಿನ ಎದುರಿಗೇ! ಮುದುಕರನ್ನು ಒಬ್ಬರನ್ನೇ ಹಿಮದಲ್ಲಿ ಬಿಡಲು ಮನಸ್ಸು ಬರದೆ ನಾನೂ ಇಳಿಯುತ್ತಿದ್ದೆ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

"ಹನ್ನೊಂದು ವರ್ಷ ಟ್ರಾಮ್ ಕಂಡಕ್ಟರ್ ಆಗಿದ್ದವರು ನೀವು. ಇದೆಂಥ ಹುಚ್ಚು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಉತ್ತರ ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ಲ್ಯಾಬಿನಲ್ಲೇ ಇದ್ದ ಧಾರವಾಡದ ಉಪೇಂದ್ರ ಎಚ್ಚರಿಕೆ ಕೊಟ್ಟಿದ್ದ. "ಏ ಗುರು, ಆ ಮುದುಕ ಸರಿ ಇಲ್ಲಂತ. ನಾಜಿ ಟೈಮ್‌ನಾಗ ಇನ್ನೊಬ್ಬ ಗಂಡಸಿನ ಜೋಡಿ ಸಿಕ್ಕಿಬಿದ್ದು ಕ್ಯಾಂಪಿಗೆ ಹೋಗಿದ್ನಂತ. ಸ್ಟೂಡೆಂಟ್ ಹಾಸ್ಟೆಲ್‌ನಾಗ ಒಂದು ಬೆಡ್ ಖಾಲಿ ಐತಿ, ಶಿಫ್ಟ್ ಆಗಿಬಿಡು."

ನಾನು ಶಿಫ್ಟ್ ಆಗಲಿಲ್ಲ. ಯಾಕೆಂದರೆ ನಾನೂ ಅಂಥವನೇ. ಅದನ್ನು ಉಪೇಂದ್ರನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ರೀಡೆಲ್‌ಗೆ ಹೇಳುವ ಅಗತ್ಯವೇ ಬೀಳಲಿಲ್ಲ, ಮೊದಲ ವಾರದಲ್ಲೇ ಅವರಿಗೆ ಗೊತ್ತಾಗಿತ್ತು.

ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತಾ ಹೇಳಿದರು. ಕ್ಯಾಂಪಿನಲ್ಲಿ ಅವರಂಥವರ ಅಂಗಿಗೆ ಗುಲಾಬಿ ಬಣ್ಣದ ತ್ರಿಕೋನ ಹೊಲಿಯುತ್ತಿದ್ದರು. ಅವರಿಗೆ ಕೊಟ್ಟದ್ದು ಜೇಡಿಮಣ್ಣಿನ ಗುಂಡಿಯ ಕೆಲಸ. ಮಣ್ಣು ತುಂಬಿದ ಬಂಡಿಯನ್ನು ಹಳಿಯ ಮೇಲೆ ಇಟ್ಟಿಗೆ ಗೂಡಿನವರೆಗೆ ನಾಲ್ವರು ತಳ್ಳಬೇಕು. ಹಳಿ ಕಂಡದ್ದೇ ತಡ, ರೀಡೆಲ್‌ಗೆ ತಮ್ಮ ರೂಟು ನೆನಪಾಯಿತು. ಹತ್ತು ಹೆಜ್ಜೆಗೊಂದರಂತೆ ಡ್ರೆಸ್ಡೆನ್ನಿನ ಸ್ಟಾಪುಗಳನ್ನು ಪಿಸುದನಿಯಲ್ಲಿ ಕೂಗತೊಡಗಿದರು.

ಆ ಕಲ್ಪನೆಯ ಟ್ರಾಮಿಗೆ ಪ್ರತಿ ಸ್ಟಾಪಿನಲ್ಲೂ ಯಾರೋ ಹತ್ತುತ್ತಿದ್ದರು. ಬಾತುಕೋಳಿ ಹಿಡಿದ ದಪ್ಪ ಹೆಂಗಸು. ಟಿಕೆಟ್ ತೆಗೆಯದೆ ನಿದ್ದೆಯ ನಾಟಕವಾಡುವ ಪಾದ್ರಿ. ರೀಡೆಲ್ ಪಕ್ಕದಲ್ಲಿ ಬಂಡಿ ತಳ್ಳುತ್ತಿದ್ದ ಬ್ರೂನೋ ಊರಿನಲ್ಲಿ ಕೇಕ್ ಮಾಡುತ್ತಿದ್ದವನು. ಹಳೇ ಮಾರ್ಕೆಟ್ಟಿನ ಸ್ಟಾಪಿನಲ್ಲಿ ಅವನು ತಟ್ಟೆ ತುಂಬ ಕೇಕ್ ಹಿಡಿದು ಹತ್ತುತ್ತಿದ್ದ, ಒಂದೊಂದನ್ನೂ ವರ್ಣಿಸುತ್ತಿದ್ದ. ಬಾತುಕೋಳಿ ಅದರಲ್ಲಿ ಒಂದನ್ನು ತಿಂದಿತೋ ಇಲ್ಲವೋ ಎಂದು ನಾಲ್ವರೂ ಒಂದು ವಾರ ಜಗಳವಾಡಿದರಂತೆ. ಆ ವಾರ ಯಾರೂ ಸಾಯಲಿಲ್ಲ ಎಂದರು ರೀಡೆಲ್.

ಬ್ರೂನೋ ಒಂದು ನಿಯಮ ಮಾಡಿದ್ದ. ಗೂಡು ತಲುಪಿದಾಗ ಕೊನೆಯ ಸ್ಟಾಪ್ ಎನ್ನಬಾರದು. "ಟ್ರಾಮ್ ಹಿಂದಿರುಗುತ್ತದೆ, ಕೂತವರು ಕೂತೇ ಇರಿ" ಎನ್ನಬೇಕು. ರೀಡೆಲ್ ಹದಿನಾಲ್ಕು ತಿಂಗಳು ಹಾಗೇ ಕೂಗಿದರು.

"ಆ ಮಧ್ಯಾಹ್ನ ಬ್ರೂನೋಗೆ ಜ್ವರ. ನನಗೂ ಕಣ್ಣು ಕತ್ತಲೆ ಬರುತ್ತಿತ್ತು. ಗೂಡು ಬಂತು. ಕಂಡಕ್ಟರ್ ಬಾಯಿ ನೋಡಿ, ಅಭ್ಯಾಸಬಲ. ಕೊನೆಯ ಸ್ಟಾಪ್, ಎಲ್ಲರೂ ಇಳಿಯಿರಿ ಎಂದುಬಿಟ್ಟೆ." ಅವರ ಕೈಯ ಚಾಕು ನಿಂತಿತು. "ಅವನು ಬಂಡಿಯಿಂದ ಕೈ ತೆಗೆದ. ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತ. ಗಾರ್ಡ್ ಅಲ್ಲಿಯೇ ಗುಂಡು ಹೊಡೆದ."

"ಹಾಗಾದರೆ ಕೊಂದವನು ಗಾರ್ಡ್," ಎಂದೆ.

"ಗಾರ್ಡ್ ಕೊಂದದ್ದು ಇಳಿದವನನ್ನು. ಇಳಿಸಿದವನು ನಾನು."

ಎಷ್ಟು ವಾದ ಮಾಡಿದರೂ ಅದೇ ಮಾತು. ಯುದ್ಧ ಮುಗಿದ ಮೇಲೆ ಕ್ಯಾಂಪಿನ ರಾಜಕೀಯ ಕೈದಿಗಳಿಗೆ ಗೌರವ ಸಿಕ್ಕಿತು, ಭಾಷಣಕ್ಕೆ ವೇದಿಕೆ ಸಿಕ್ಕಿತು. ಇವರಂಥವರ ಪ್ರೀತಿ ಆಗಲೂ ಕಾನೂನಿಗೆ ಅಪರಾಧ, ಇವರು ಬಾಯಿ ಬಿಟ್ಟರೆ ಮತ್ತೆ ಜೈಲಾಗಬಹುದಿತ್ತು. ಹೀಗಾಗಿ ಇಪ್ಪತ್ತೊಂಬತ್ತು ವರ್ಷ ಆ ಪಾಪವನ್ನು ಒಬ್ಬರೇ ಹೊತ್ತು ತಿರುಗಿದ್ದರು. ನನಗೆ ಸಿಟ್ಟು ಬಂತು, ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯಲಿಲ್ಲ.

ಮಾರ್ಚಿನಲ್ಲಿ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿದೆ. ಇನ್ನು ಕೆಲವೇ ದಿನ ಎಂದರು ಡಾಕ್ಟರು. ಮಧ್ಯಾಹ್ನ ನಾನು ಹೋದಾಗ ರೀಡೆಲ್ ನನ್ನ ಕೈ ಹಿಡಿದರು.

"ನನ್ನ ರೂಟು ನಿಮಗೀಗ ಬಾಯಿಪಾಠ. ಇವತ್ತು ನೀವೇ ಕಂಡಕ್ಟರ್. ಕೊನೆಯ ಸ್ಟಾಪನ್ನೂ ಕೂಗಬೇಕು. ನಾನೂ ಅಲ್ಲೇ ಇಳಿಯಬೇಕು."

"ಆಗುವುದಿಲ್ಲ," ಎಂದೆ. "ನಿಮ್ಮ ಸಾವನ್ನು ನನ್ನ ತಲೆಗೆ ಕಟ್ಟಬೇಡಿ."

"ಬ್ರೂನೋನನ್ನು ಒಬ್ಬನನ್ನೇ ಇಳಿಸಿ ಬಂದಿದ್ದೇನೆ, ಪ್ರಭಂಜನ."

ಕುರ್ಚಿಯನ್ನು ಹಾಸಿಗೆಯ ಬಳಿಗೆ ಎಳೆದುಕೊಂಡೆ. ಒಂದೊಂದೇ ಸ್ಟಾಪ್ ಕೂಗಿದೆ. ಅವುಗಳಲ್ಲಿ ಅರ್ಧ ಬೀದಿಗಳು ಯುದ್ಧದ ಬಾಂಬಿಗೆ ಸುಟ್ಟುಹೋಗಿ ಈಗ ಇರಲೇ ಇಲ್ಲ. ಬಾತುಕೋಳಿಯ ಹೆಂಗಸನ್ನು ಹತ್ತಿಸಿದೆ, ಪಾದ್ರಿಯನ್ನು ಎಬ್ಬಿಸಿದೆ, ಬ್ರೂನೋಗೆ ಜಾಗ ಮಾಡಿಕೊಟ್ಟೆ. ಕೊನೆಗೆ ಮೈಸೂರಿನ ಬಸ್ ಕಂಡಕ್ಟರುಗಳು ಕೂಗುವಂತೆ ಕನ್ನಡವೇ ಬಂತು: "ಲಾಸ್ಟ್ ಸ್ಟಾಪ್, ಇಳೀರಿ ಇಳೀರಿ!"

"ಜರ್ಮನ್‌ನಲ್ಲಿ ಹೇಳಿ," ಎಂದರು ಕಣ್ಣು ಮುಚ್ಚಿಕೊಂಡೇ. "ನನಗೆ ಅರ್ಥವಾಗಬೇಕಲ್ಲ."

ಜರ್ಮನ್‌ನಲ್ಲಿ ಹೇಳಿದೆ. ಅಳುತ್ತಾ ಮನೆಗೆ ಬಂದೆ.

ಬೆಳಿಗ್ಗೆ ಹಾಸಿಗೆ ಖಾಲಿಯಾಗಿರುತ್ತದೆ ಎಂದುಕೊಂಡೇ ವಾರ್ಡಿನ ಬಾಗಿಲು ತಳ್ಳಿದೆ. ಮಹಾನುಭಾವರು ದಿಂಬಿಗೊರಗಿ ಕೂತು, ಟೀ ಆರಿಹೋಗಿದೆ ಎಂದು ನರ್ಸಿನ ಜೊತೆ ಜಗಳ ತೆಗೆದಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು.

"ನೀವು ಸರಿಯಾಗಿಯೇ ಕೂಗಿದಿರಿ. ನಾನು ಇಳಿಯಲು ತಯಾರಾಗಿಯೇ ಕಾದೆ. ಏನೂ ಆಗಲಿಲ್ಲ." ದಿಂಬು ಬಿಟ್ಟು ನೇರ ಕೂತರು. "ಬರೀ ಕೂಗಿಗೆ ಯಾರೂ ಸಾಯುವುದಿಲ್ಲ. ಅವನಿಗೆ ಜ್ವರ, ಕಾಲಿನಲ್ಲಿ ಬಲವೇ ಇರಲಿಲ್ಲ. ನಾನು ಕೂಗದಿದ್ದರೂ ಬೀಳುತ್ತಿದ್ದ. ಅವರು ಕೊಂದರು. ಬ್ರೂನೋನನ್ನು ಅವರು ಕೊಂದರು!"

ವಾರ್ಡೆಲ್ಲ ತಿರುಗಿ ನೋಡಿತು. ಪಕ್ಕದ ಹಾಸಿಗೆಯವನು, "ಯಾರು ಬ್ರೂನೋ? ನಿಮ್ಮ ತಮ್ಮನೇ?" ಎಂದ.

"ಅಲ್ಲ," ಎಂದರು ರೀಡೆಲ್, ಸ್ಟಾಪ್ ಕೂಗುವ ದನಿಯಲ್ಲಿ. "ನನ್ನವನು."

ಗುರುವಾರ ನಾನು ಲ್ಯಾಬಿನಲ್ಲಿದ್ದಾಗ ಅವರು ತೀರಿಕೊಂಡರು. ಸುದ್ದಿ ಕೇಳಿ ಅಲ್ಲೇ ಕುಸಿದು ಕೂತ ನನ್ನನ್ನು ನೋಡಿ ಉಪೇಂದ್ರ, "ನಿನಗೇನಾಗಬೇಕಿತ್ತೋ ಆ ಮುದುಕ?" ಎಂದ.

"ನಮ್ಮವರು," ಎಂದೆ. ಅವನಿಗೆ ಅರ್ಥವಾಗಲೆಂದೇ ಹಾಗೆಂದೆ.