ಗಾಳಿಕುದುರೆಗಳು ಅಂಟಿದ ಬಸ್ಸು

ಸಾಗಾ ಪಟ್ಟಣ ಬಿಟ್ಟಾಗಿನಿಂದ ಗೊನ್ಪೊ ಮಾವನ ಕಣ್ಣು ನನ್ನಕ್ಕ ಯಾಂಗ್‌ಜೊಮ್‌ಳ ಕೈಗಳ ಮೇಲೇ ಇತ್ತು. ಅವನು ಈ ದಾರಿಯ ಹಳೆಯ ಡ್ರೈವರ್. ಅವಳು ಉದ್ದದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದುದು ಇದೇ ಮೊದಲು. ಪುರಾಂಗ್ ತಲುಪುವವರೆಗೆ ಮಾವ ಸ್ಟೀರಿಂಗ್ ಮುಟ್ಟದಿದ್ದರೆ ಈ ದಾರಿ ಅವಳದು. ಮುಟ್ಟಿದರೆ ಮತ್ತೆ ಊರೊಳಗಿನ ವ್ಯಾನಿಗೆ. ಮಾಲೀಕ ನನ್ನೆದುರೇ ಹೇಳಿದ್ದ. ನಾನು ಆ ಬಸ್ಸಿನ ಕಂಡಕ್ಟರ್.

"ಗೇರ್ ಇಳಿಸೇ. ಇದು ಬಸ್ಸು, ನಿಮ್ಮಮ್ಮನ ಯಾಕ್ ಎತ್ತಲ್ಲ."

"ನಮ್ಮಮ್ಮನ ಯಾಕ್ ಆಗಿದ್ರೆ ನಿನ್ನ ಮಾತಿಗೆ ಇಷ್ಟೊತ್ತಿಗೆ ಒದ್ದಿರೋದು ಮಾವ. ಬಸ್ಸು ಪಾಪ, ಸುಮ್ನಿದೆ."

ನಮ್ಮ ಘಾಟಿಗೆ ಎರಡು ನೆತ್ತಿ. ದೇವರ ಕಲ್ಲುಗುಪ್ಪೆ, ಪ್ರಾರ್ಥನೆಯ ಪತಾಕೆಗಳೆಲ್ಲ ಮೊದಲನೆಯದರಲ್ಲಿ. ಅಲ್ಲಿ ನಿಲ್ಲಿಸದೆ ಹೋಗುವ ಬಸ್ಸಿಲ್ಲ. ಆ ಚಳಿಯಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹೊತ್ತುವುದು ಕಷ್ಟ, ಹಾಗಾಗಿ ಅಕ್ಕ ಆರಿಸಲಿಲ್ಲ. ಎಲ್ಲರೂ ಇಳಿದು ಬಸ್ಸಿನ ಮುಂದೆ ನಿಂತು, "ಕಿ ಕಿ ಸೋ ಸೋ, ಲ್ಹ ಗ್ಯಾಲೊ!" ಎಂದು ದೇವರಿಗೆ ಜಯಕಾರ ಕೂಗಿ ಹರಕೆ ಹೊತ್ತೊಯ್ಯುವ ಗಾಳಿಕುದುರೆಯ ಚಿತ್ರ ಅಚ್ಚಾದ ಕಾಗದದ ಚೂರುಗಳನ್ನು ಹಿಡಿಹಿಡಿಯಾಗಿ ತೂರಿದರು. ಅಕ್ಕನೂ ತೂರಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು.

ಎರಡನೇ ನೆತ್ತಿಯ ಏರಿನ ನಡುವೆ ಮುಂಭಾಗದಿಂದ ಹಬೆ ಎದ್ದಿತು. ಬಸ್ಸು ನಿಂತಿತು.

"ಹೆಂಗಸು ಓಡಿಸಿದ್ರೆ ಘಾಟಿ ದೇವರು ಒಪ್ತಾನಾ?" ಎಂದ ಜಪಮಣಿ ಹಿಡಿದಿದ್ದ ಒಬ್ಬ ಮುದುಕ.

ಮಾವ ಎದ್ದು ನಿಂತ. "ಏಳು. ನಾನು ತಗೋತೀನಿ."

ಅಕ್ಕ ಕೀಲಿ ತೆಗೆದು ತನ್ನ ಚೂಬಾ ನಿಲುವಂಗಿಯ ಮಡಿಲಿಗೆ ತುರುಕಿಕೊಂಡಳು. "ಮೊದ್ಲು ಏನಾಗಿದೆ ನೋಡೋಣ, ಬಾ."

ಎಂಜಿನ್ನಿನ ಮುಂದಿನ ಜಾಲರಿಯೇ ಕಾಣುತ್ತಿರಲಿಲ್ಲ. ಕೆಂಪು, ಹಳದಿ, ನೀಲಿ ಕಾಗದ ಪದರಪದರವಾಗಿ ಮೆತ್ತಿಕೊಂಡಿತ್ತು. ಫ್ಯಾನು ಒಳಗೆಳೆದುಕೊಂಡದ್ದು. ರೇಡಿಯೇಟರ್‌ಗೆ ಗಾಳಿಯೇ ಇಲ್ಲದೆ ಎಂಜಿನ್ ಕಾದುಹೋಗಿತ್ತು.

"ಗಾಳಿಗೆ ಮುಖಮಾಡಿ ನಿಲ್ಸಿದ್ದು ನನ್ನ ತಪ್ಪು," ಎಂದು ಅಕ್ಕ ಕೈಹಾಕಿದಳು.

"ದೇವರಿಗೆ ಕೊಟ್ಟಿದ್ದನ್ನ ಕೀಳ್ತೀಯಾ?" ಮುದುಕ ಕೂಗಿದ.

"ದೇವರಿಗೆಲ್ಲಿ ಕೊಟ್ರಿ ಅಜ್ಜಾ? ನನ್ನ ರೇಡಿಯೇಟರ್‌ಗೆ ಕೊಟ್ಟಿದೀರ. ಬನ್ನಿ, ತೆಗೆದು ಸರಿಯಾದ ವಿಳಾಸಕ್ಕೆ ಕಳ್ಸೋಣ. ಒಂದೂ ಕಾಲಡಿಗೆ ಬೀಳಬಾರ್ದು."

ಯಾರೋ ನಕ್ಕರು. ಆಮೇಲೆ ಎಲ್ಲರೂ ಬಂದರು, ಕೊನೆಗೆ ಮುದುಕನೂ. ಬಿಡಿಸಿದ ಕಾಗದವನ್ನು ಬಸ್ಸಿನ ಹಿಂದೆ ಒಯ್ದು ತೂರಿದರು. ಗಾಳಿ ಅದನ್ನು ಕಣಿವೆಯ ಕಡೆ ಹೊತ್ತೊಯ್ದಿತು. ಮಾವನೂ ಮಂಡಿಯೂರಿ ಜಾಲರಿಯ ಸಂದಿಗೆ ಬೆರಳು ಹಾಕುತ್ತಿದ್ದ.

"ಆಗ ನೆತ್ತೀಲಿ ಜಾಸ್ತಿ ತೂರಿದ್ದು ನೀನೇ ಮಾವ," ಎಂದಳು ಅಕ್ಕ.

"ಬಾಯ್ಮುಚ್ಕೊಂಡು ಕೆಳಗಿಂದು ತೆಗಿ."

ಅಷ್ಟರಲ್ಲಿ ಉಪ್ಪಿನ ಲಾರಿಯೊಂದು ಪಕ್ಕದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ. "ಏನೋ ಗೊನ್ಪೊ, ಕೆಟ್ಟೋಯ್ತಾ? ಎಳೀಲಾ?"

ಮಾವ ಹೂಂ ಎಂದರೆ ಅಕ್ಕನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಾವ ಮಂಡಿಯ ಮಣ್ಣು ಕೊಡವಿಕೊಂಡು ಎದ್ದ.

"ನನ್ನನ್ಯಾಕೆ ಕೇಳ್ತೀಯಾ? ಡ್ರೈವರ್ ಅಲ್ಲಿದಾಳೆ, ಅವಳನ್ನ ಕೇಳು."

ಲಾರಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವಳೂ ಹಾಗೇ ನೋಡಿದಳು.

"ಬೇಡಣ್ಣ. ಲಾರಿ ಸ್ವಲ್ಪ ಸರಿಸು, ನಾವು ಹೊರಡ್ಬೇಕು."

ಎಂಜಿನ್ ತಣಿಯುವವರೆಗೆ ಬೆಣ್ಣೆ ಚಹಾ ಕುಡಿದೆವು. ಅವಳು ನೀರು ತುಂಬಿ ಬಸ್ಸನ್ನು ಒಂದೇ ಗೇರಿನಲ್ಲಿ ನೆತ್ತಿಗೆ ಹತ್ತಿಸಿದಳು. ಇಳಿಜಾರು ಶುರುವಾಗುವ ಮೊದಲೇ ಮಾವ ಎದ್ದು ಕೊನೆಯ ಸೀಟಿಗೆ ಹೋಗಿ ಕಾಲು ಚಾಚಿದ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಪುರಾಂಗ್‌ನಲ್ಲಿ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.